ಎಂಎಸ್‌ಐ ಬಿ550ಎಂ ಪ್ರೊ-ವಿಡಿಎಚ್ ವೈಫೈ: ಹಳೆಯ ರ್ಯಾಮ್ ಉಳಿಸಿಕೊಂಡು ಕೊಂಡ ಹೊಸ ಮದರ್‌ಬೋರ್ಡ್

ದಾವಣಗೆರೆಯಲ್ಲಿರುವ ಅಕ್ಕನ ಮಗನ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡ್ ಕೊಳ್ಳಬೇಕಾಗಿ ಬಂದದ್ದು ನನ್ನ ತಪ್ಪಿನಿಂದ. ಮೊದಲಿನ ಲೆಕ್ಕದಲ್ಲಿ ಬೋರ್ಡ್ ಇರಲೇ ಇಲ್ಲ. 2018ರಲ್ಲಿ ಕಟ್ಟಿಸಿದ ಆ ಕಂಪ್ಯೂಟರಿನಲ್ಲಿ ರೈಜೆನ್ 5 2600 ಪ್ರೊಸೆಸರ್, ಎ320 ಚಿಪ್‌ಸೆಟ್ಟಿನ (ಬೋರ್ಡಿನ ಭಾಗಗಳನ್ನು ಬೆಸೆಯುವ ಮುಖ್ಯ ಚಿಪ್ಪು) ಅಗ್ಗದ ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ್ಯಾಮ್ ಸ್ಟಿಕ್‌ಗಳು ಮತ್ತು ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಇದ್ದವು. ಹುಡುಗ ಕೂಡಿಟ್ಟ ಹಣಕ್ಕೆ ಒಂದು ಹೊಸ ರೈಜೆನ್ 5 5600 ಮತ್ತು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಕಾರ್ಡ್ ಬರುತ್ತಿದ್ದವು. ಹಳೆಯ ಬೋರ್ಡಿನ ಬಯೋಸನ್ನು (ಆನ್ ಆದೊಡನೆ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ಹೊಸ ಪ್ರೊಸೆಸರ್ ಅದರಲ್ಲೇ ಕೂರುತ್ತದೆ, ಐದು ನಿಮಿಷದ ಕೆಲಸ ಎಂದು ನಾನೇ ಅವನಿಗೆ ಭರವಸೆ ಕೊಟ್ಟಿದ್ದೆ. ಅಪ್‌ಡೇಟ್ ಅರ್ಧ ದಾಟಿತ್ತು, ಕರೆಂಟ್ ಹೋಯಿತು. ಯುಪಿಎಸ್ ಇತ್ತು, ಆದರೆ ಅದರ ಬ್ಯಾಟರಿ ಸತ್ತು ತಿಂಗಳುಗಳಾಗಿದ್ದುದನ್ನು ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಕರೆಂಟ್ ಬಂದ ಮೇಲೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. “ಮಾವ, ಐದು ನಿಮಿಷ ಅಂದಿದ್ರಲ್ಲ” ಎಂದ.

ಬೋರ್ಡಿನ ಹಣ ನಾನೇ ಕೊಡಬೇಕಾಯಿತು ಎಂಬ ಕಾರಣಕ್ಕೆ ಈ ಆಯ್ಕೆಯನ್ನು ಸ್ವಲ್ಪ ಹೆಚ್ಚೇ ಜಾಗ್ರತೆಯಿಂದ ಮಾಡಿದೆ. ಗ್ರಾಫಿಕ್ಸ್ ಕಾರ್ಡಿಗೆ ಸುರಿದ ಹಣ ಪರದೆಯ ಮೇಲೆ ಕಾಣುತ್ತದೆ, ಪ್ರೊಸೆಸರಿಗೆ ಕೊಟ್ಟದ್ದೂ ಕಾಣುತ್ತದೆ. ಮದರ್‌ಬೋರ್ಡಿಗೆ ಐದು ಸಾವಿರ ಹೆಚ್ಚು ಕೊಟ್ಟರೂ ಆಟದಲ್ಲಿ ಒಂದು ಫ್ರೇಮ್ ಕೂಡ ಏರುವುದಿಲ್ಲ. ಮನೆಯಲ್ಲಿರುವುದರಲ್ಲಿ ಏನನ್ನು ಉಳಿಸಿಕೊಳ್ಳಬಹುದು, ಮುಂದೆ ಏನನ್ನು ಹಾಕಬಹುದು, ಏನಾದರೂ ಕೆಟ್ಟರೆ ಅದನ್ನು ನಾವೇ ಸರಿಮಾಡಿಕೊಳ್ಳಲು ದಾರಿ ಇದೆಯೇ ಎಂಬ ಮೂರನ್ನು ಮಾತ್ರ ಬೋರ್ಡ್ ತೀರ್ಮಾನಿಸುತ್ತದೆ. ಹೆಸರಿನಲ್ಲಿ ‘ಗೇಮಿಂಗ್’ ಎಂಬ ಪದವಿದೆಯೇ, ಅಂಚಿನಲ್ಲಿ ಬಣ್ಣದ ದೀಪ ಉರಿಯುತ್ತದೆಯೇ ಎಂಬುದು ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಮನೆಯಲ್ಲಿ ಉಳಿದಿದ್ದ ಬೆಲೆಬಾಳುವ ವಸ್ತುವೆಂದರೆ ಆ 16 ಜಿಬಿ ಡಿಡಿಆರ್4 ರ್ಯಾಮ್. ಎರಡು ವರ್ಷದ ಹಿಂದೆ ಈ ಮಾತು ಬರೆದಿದ್ದರೆ ನಗೆಪಾಟಲಾಗುತ್ತಿತ್ತು, ಏಕೆಂದರೆ ಆಗ ರ್ಯಾಮ್ ಅಷ್ಟು ಅಗ್ಗವಾಗಿತ್ತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಸಗಟಾಗಿ ಎತ್ತಿಕೊಳ್ಳತೊಡಗಿದ ಮೇಲೆ, 2025ರ ಕೊನೆಯ ತಿಂಗಳುಗಳಲ್ಲಿ ರ್ಯಾಮ್ ಬೆಲೆ ಒಂದೇ ಸಮನೆ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯು ಕ್ರೂಷಿಯಲ್ ಎಂಬ ಹೆಸರಿನಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ವ್ಯವಹಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ರೈಜೆನ್ ಮಾಡುವ ಎಎಂಡಿ ಕಂಪನಿಯ ಹೊಸ ಎಎಂ5 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ) ಬೋರ್ಡುಗಳು ಮುಂದಿನ ತಲೆಮಾರಿನ ಡಿಡಿಆರ್5 ರ್ಯಾಮನ್ನು ಮಾತ್ರ ಒಪ್ಪುತ್ತವೆ. ಎಎಂ5ಗೆ ಹೋದರೆ ಬೋರ್ಡ್, ಪ್ರೊಸೆಸರ್, ರ್ಯಾಮ್ ಮೂರನ್ನೂ ಒಟ್ಟಿಗೆ ಕೊಳ್ಳಬೇಕು, ಮೂರರಲ್ಲಿ ಬಿಸಿ ತಟ್ಟುವುದು ರ್ಯಾಮಿನದು. ಹೊಸದಾಗಿ ಎಲ್ಲವನ್ನೂ ಕೊಳ್ಳುವವರಿಗೆ ಎಎಂ5 ಸರಿಯಾದ ದಾರಿಯೇ ಇರಬಹುದು. ಪೆಟ್ಟಿಗೆಯೊಳಗೆ ಒಳ್ಳೆಯ ಡಿಡಿಆರ್4 ಇಟ್ಟುಕೊಂಡವರಿಗೆ ಈಗ ಅಲ್ಲ. ಇಂಟೆಲ್‌ನಲ್ಲಿ ಕೋರ್ ಐ5 12400ಎಫ್ ಮತ್ತು ಡಿಡಿಆರ್4 ಹಿಡಿಸುವ ಬಿ660 ಬೋರ್ಡ್ ಎಂಬ ಜೋಡಿಯೂ ಉಂಟು, ಕೆಟ್ಟದ್ದೇನಲ್ಲ. ಆದರೆ ರೈಜೆನ್ 5 5600 ಆಗಲೇ ಮೇಜಿನ ಮೇಲೆ ಬಂದು ಕೂತಿತ್ತು.

ಇಲ್ಲಿ ನಮ್ಮ ಹಳೆಯ ಬೋರ್ಡಿನಲ್ಲೂ ಇದ್ದ ಎಎಂ4 ಸಾಕೆಟ್ಟಿನ ಚರಿತ್ರೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಅಗ್ಗದ ಅಪ್‌ಗ್ರೇಡಿನ ಗೊಂದಲಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. 2016ರಲ್ಲಿ ಬಂದ ಈ ಸಾಕೆಟ್ಟಿನಲ್ಲಿ 1331 ರಂಧ್ರಗಳಿವೆ. 2017ರ ಮೊದಲ ರೈಜೆನ್‌ನಿಂದ ಹಿಡಿದು 5000 ಸರಣಿಯವರೆಗೆ ಎಲ್ಲ ಪ್ರೊಸೆಸರುಗಳ ಕಾಲುಗಳೂ ಇದೇ ರಂಧ್ರಗಳಲ್ಲಿ ಇಳಿಯುತ್ತವೆ. ಇಳಿದದ್ದೆಲ್ಲ ಓಡುತ್ತದೆ ಎಂದು ಮಾತ್ರ ತಿಳಿಯಬಾರದು. ಯಾವ ಪ್ರೊಸೆಸರನ್ನು ಗುರುತಿಸಬೇಕು ಎಂಬ ಮಾಹಿತಿ ಬಯೋಸ್ ಚಿಪ್ಪಿನಲ್ಲಿರುತ್ತದೆ, ಹಳೆಯ ಬೋರ್ಡುಗಳಲ್ಲಿ ಆ ಚಿಪ್ ಬಹುತೇಕ 16 ಎಂಬಿಯದು. ಇದನ್ನೂ ಒಂದು ಕಾರಣವಾಗಿ ಹೇಳಿ, 2020ರ ಮೇ ತಿಂಗಳಲ್ಲಿ ಎಎಂಡಿಯು ಮುಂಬರುವ ಪ್ರೊಸೆಸರುಗಳು ಬಿ450 ಬೋರ್ಡುಗಳಲ್ಲಿ ಓಡುವುದಿಲ್ಲ ಎಂದು ಪ್ರಕಟಿಸಿತು. ಬೋರ್ಡ್ ಕೊಂಡವರೆಲ್ಲ ತಿರುಗಿಬಿದ್ದ ಮೇಲೆ ಎರಡು ವಾರದೊಳಗೆ ಮಾತು ಬದಲಿಸಿತು. ಎ320, ಬಿ350 ಕೊಂಡಿದ್ದವರು 2022ರವರೆಗೆ ಕಾಯಬೇಕಾಯಿತು. ಅನುಮತಿ ಎಎಂಡಿಯದು, ಬಯೋಸ್ ಬಿಡುಗಡೆ ಮಾಡುವುದು ಬೋರ್ಡ್ ತಯಾರಿಸಿದ ಕಂಪನಿಯ ಇಚ್ಛೆ. ಆದ್ದರಿಂದ ನಿಮ್ಮ ಎ320 ಬೋರ್ಡ್ 5600 ಅನ್ನು ಒಪ್ಪುತ್ತದೆಯೇ ಎಂಬುದಕ್ಕೆ ಚಿಪ್‌ಸೆಟ್ಟಿನ ಹೆಸರಿನಲ್ಲಿ ಉತ್ತರ ಸಿಗುವುದಿಲ್ಲ. ಬೋರ್ಡಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಮಾದರಿಯ ಹೆಸರು ಮತ್ತು ಆವೃತ್ತಿ ಸಂಖ್ಯೆಯನ್ನು ಬರೆದುಕೊಂಡು, ಕಂಪನಿಯ ಜಾಲತಾಣದ ಪ್ರೊಸೆಸರ್ ಪಟ್ಟಿಯಲ್ಲಿ ನೋಡಬೇಕು. ನಮ್ಮ ಬೋರ್ಡ್ ಆ ಪಟ್ಟಿಯಲ್ಲಿತ್ತು. ಕರೆಂಟ್ ಹೋಗದಿದ್ದರೆ ಈ ವಿಮರ್ಶೆ ಇರುತ್ತಿರಲಿಲ್ಲ, ಹತ್ತು ಸಾವಿರವೂ ಉಳಿಯುತ್ತಿತ್ತು.

ತಿರುವುಮುರುವು ಇನ್ನೊಂದು ಕಡೆಯೂ ಇದೆ. 2020ರ ಜೂನ್‌ನಲ್ಲಿ ಬಂದ ಬಿ550 ಮತ್ತು ಅದೇ ಆಗಸ್ಟಿನಲ್ಲಿ ಬಂದ ಎ520 ಚಿಪ್‌ಸೆಟ್ಟುಗಳು ಹಳೆಯ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ರೈಜೆನ್ 5 2600, ರೈಜೆನ್ 3 2200ಜಿ, ರೈಜೆನ್ 5 3400ಜಿ ಇವ್ಯಾವೂ ಆ ಪಟ್ಟಿಯಲ್ಲಿ ಇಲ್ಲ. 3400ಜಿ ಹೆಸರಿನಲ್ಲಿ 3000 ಇದ್ದರೂ ಒಳಗಿನ ವಿನ್ಯಾಸ ಹಿಂದಿನ ತಲೆಮಾರಿನದು. ಈಗ ಬೋರ್ಡ್ ಕೊಳ್ಳೋಣ, ಪ್ರೊಸೆಸರನ್ನು ದೀಪಾವಳಿಗೆ ನೋಡೋಣ ಎಂದು ಹಂತಹಂತವಾಗಿ ಖರ್ಚು ಮಾಡುವವರು ಇಲ್ಲಿ ಎಡವುತ್ತಾರೆ. ಅಂಥವರಿಗೆ ಹಳತನ್ನೂ ಹೊಸತನ್ನೂ ಒಪ್ಪುವ ಬಿ450 ಬೋರ್ಡೇ ಸೂಕ್ತ, ಅದರಲ್ಲೂ 32 ಎಂಬಿ ಬಯೋಸ್ ಚಿಪ್ ಇರುವ ಎಂಎಸ್‌ಐ ಬಿ450 ಟೊಮಾಹಾಕ್ ಮ್ಯಾಕ್ಸ್‌ನಂಥದ್ದು ಸುಸ್ಥಿತಿಯಲ್ಲಿ ಸಿಕ್ಕರೆ ಬಿಡಬಾರದು.

ಗ್ರಾಫಿಕ್ಸ್ ಕಾರ್ಡಿನ ಸ್ಲಾಟ್ ವಿಷಯಕ್ಕೆ ಬರೋಣ. ಬಿ450 ಮತ್ತು ಎ520 ಬೋರ್ಡುಗಳಲ್ಲಿ ಕಾರ್ಡಿಗೆ ಸಿಗುವುದು ಪಿಸಿಐಇ 3.0, ಬಿ550ರಲ್ಲಿ 4.0. ಪಿಸಿಐಇ ಎಂದರೆ ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ದತ್ತಾಂಶದ ದಾರಿ, ಲೇನುಗಳು ಆ ದಾರಿಯ ಸಾಲುಗಳು. ಸ್ಲಾಟ್ ಉದ್ದವಾಗಿ ಹದಿನಾರು ಲೇನಿನದಾಗಿ ಕಂಡರೂ ಆರ್‌ಎಕ್ಸ್ 6600, ಆರ್‌ಎಕ್ಸ್ 7600, ಆರ್‌ಟಿಎಕ್ಸ್ 4060 ಮುಂತಾದ ಅಗ್ಗದ ಕಾರ್ಡುಗಳು ಬಳಸುವುದು ಎಂಟು ಲೇನುಗಳನ್ನು ಮಾತ್ರ. ಎಂಟು ಲೇನಿನಲ್ಲಿ 3.0 ಆದರೆ ಸೆಕೆಂಡಿಗೆ ಸುಮಾರು 8 ಜಿಬಿ, 4.0 ಆದರೆ ಸುಮಾರು 16 ಜಿಬಿ ಹರಿಯುತ್ತದೆ. ಕಾರ್ಡಿನ ಸ್ವಂತ 8 ಜಿಬಿ ಮೆಮೊರಿಯೊಳಗೆ ಆಟ ಹಿಡಿದಿರುವವರೆಗೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಟೆಕ್ಸ್ಚರುಗಳನ್ನು ಮೇಲಿನ ಮಟ್ಟಕ್ಕೆ ಏರಿಸಿ ಮೆಮೊರಿ ತುಂಬಿ ಹೊರಚೆಲ್ಲಿದಾಗ, ಚೆಲ್ಲಿದ್ದನ್ನು ಸಾಮಾನ್ಯ ರ್ಯಾಮಿನಿಂದ ಇದೇ ದಾರಿಯಲ್ಲಿ ತರಬೇಕಾಗುವುದರಿಂದ, ದಾರಿ ಕಿರಿದಾಗಿದ್ದರೆ ಚಿತ್ರ ತಡವರಿಸುತ್ತದೆ. 4 ಜಿಬಿ ಮೆಮೊರಿ ಮತ್ತು ನಾಲ್ಕೇ ಲೇನುಗಳ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡನ್ನು 3.0 ಬೋರ್ಡಿಗೆ ಹಾಕಿದವರು ಇದನ್ನು ಚೆನ್ನಾಗಿ ಅನುಭವಿಸಿದ್ದಾರೆ.

ಬಿ550 ಕೊಂಡಾಕ್ಷಣ 4.0 ಸಿಕ್ಕಿತು ಎಂದೂ ಅಲ್ಲ. ಗ್ರಾಫಿಕ್ಸ್ ಸ್ಲಾಟಿನ ಲೇನುಗಳು ಪ್ರೊಸೆಸರಿನಿಂದಲೇ ನೇರವಾಗಿ ಬರುತ್ತವೆ. ರೈಜೆನ್ 5 5500 ಮತ್ತು 5600ಜಿ ಪ್ರೊಸೆಸರುಗಳು 3.0 ಅನ್ನು ಮಾತ್ರ ಕೊಡುತ್ತವೆ. ಪೆಟ್ಟಿಗೆಯ ಮೇಲೆ ಅಂಕಿ ಹತ್ತಿರ ಹತ್ತಿರ ಕಂಡರೂ 5500ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರಲ್ಲಿ 32 ಎಂಬಿ. 5500 ಕೊಳ್ಳುವವರು ಬಿ550 ಬೋರ್ಡಿಗೆ ಹೆಚ್ಚಿನ ಹಣ ಕೊಡುವುದು, 4.0 ಆಸೆಯಿಂದ ಎಂದಾದರೆ, ದಂಡ.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಆನ್‌ಲೈನಿನಲ್ಲಿ ಬೆಲೆ ನೂರಿನ್ನೂರು ಕಡಿಮೆ ಇರಬಹುದು, ಆದರೆ ಬೋರ್ಡ್ ಸತ್ತುಬಂದರೆ ಮರುದಿನವೇ ಹಿಡಿದುಕೊಂಡು ಹೋಗಿ ಮುಂದಿಡಲು ಒಂದು ಗಲ್ಲಾಪೆಟ್ಟಿಗೆ ಇರುವುದು ನನಗೆ ಆ ನೂರಿನ್ನೂರಿಗಿಂತ ದೊಡ್ಡದು. ಮೊದಲ ಅಂಗಡಿಯಲ್ಲಿ ಕೆಂಪು ಹೀಟ್‌ಸಿಂಕಿನ ಎ520 ಬೋರ್ಡ್ ತೆಗೆದಿಟ್ಟು “ಇದು ಗೇಮಿಂಗ್ ಬೋರ್ಡ್ ಸಾರ್, ಹುಡುಗರೆಲ್ಲ ಇದನ್ನೇ ತಗೊಳ್ಳೋದು” ಎಂದರು. ಆ ಹೀಟ್‌ಸಿಂಕ್ ಕೂತದ್ದು ಚಿಪ್‌ಸೆಟ್ಟಿನ ಮೇಲೆ, ಅಲ್ಲಿ ಅಂಥ ಬಿಸಿಯೇನೂ ಇರುವುದಿಲ್ಲ. ಪ್ರೊಸೆಸರಿಗೆ ವಿದ್ಯುತ್ ಹದಮಾಡಿ ಕೊಡುವ ವಿಆರ್‌ಎಂ ಭಾಗ ಬರಿಮೈಯಲ್ಲಿತ್ತು. ರ್ಯಾಮ್ ಸ್ಲಾಟುಗಳು ಎರಡೇ. ಪಕ್ಕದ ಅಂಗಡಿಯವರು ಬೇಡವೆಂದರೂ ಎಚ್61 ಬೋರ್ಡ್, ಹಳೆಯ ಐ5 ಪ್ರೊಸೆಸರ್, ರ್ಯಾಮ್ ಸೇರಿದ ಒಂದು ‘ಕಾಂಬೊ’ ಬೆಲೆ ಹೇಳಿದರು. ಎಚ್61 ಎಂಬುದು 2011ರ ಚಿಪ್‌ಸೆಟ್. ಅದಕ್ಕೆ ಹೊಂದುವ ಯಾವ ಪ್ರೊಸೆಸರೂ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲೆಕ್ಕ ಬರೆಯುವ ಕೆಲಸಕ್ಕಾದರೂ ಅದನ್ನು ಈಗ ಹೊಸದೆಂದು ಕೊಳ್ಳಬಾರದು.

ನಾನು ತಂದದ್ದು ಎಂಎಸ್‌ಐ ಬಿ550ಎಂ ಪ್ರೊ-ವಿಡಿಎಚ್ ವೈಫೈ. ಬೆಲೆ 18% ಜಿಎಸ್‌ಟಿ ಸೇರಿ 10,000 ರೂಪಾಯಿಯ ಆಸುಪಾಸು. ಇದನ್ನೇ ಆರಿಸಲು ಕಾರಣಗಳು ಸಾಧಾರಣವಾದವು: ರ್ಯಾಮಿಗೆ ನಾಲ್ಕು ಸ್ಲಾಟುಗಳು, ಎಸ್‌ಎಸ್‌ಡಿಗೆ ಎರಡು ಎಂ.2 ಸ್ಲಾಟುಗಳು, ವಿಆರ್‌ಎಂ ಮೇಲೆ ಒಂದು ಹೀಟ್‌ಸಿಂಕ್, ಮತ್ತು ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್ ಮಾಡುವ, ಅಂದರೆ ಹೊಸದಾಗಿ ಬರೆಯುವ, ಒಂದು ಸಣ್ಣ ಗುಂಡಿ. ಕೈ ಸುಟ್ಟುಕೊಂಡವನಿಗೆ ಆ ಗುಂಡಿಯೊಂದೇ ಸಾಕಿತ್ತು. ಎಂ.2 ಸ್ಲಾಟುಗಳಲ್ಲಿ ಮೊದಲನೆಯದು ಪಿಸಿಐಇ 4.0, ಎರಡನೆಯದು 3.0, ಆಟಗಳನ್ನು ಇಡುವ ಎಸ್‌ಎಸ್‌ಡಿಗೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಮೈಕ್ರೊ-ಎಟಿಎಕ್ಸ್ ಅಳತೆ, 244 ಮಿಲಿಮೀಟರಿನ ಚೌಕ.

ಅಳತೆಯ ವಿಷಯ ಕಾಗದದ ಮೇಲೆ ಸರಳ, ಕ್ಯಾಬಿನೆಟ್ಟಿನ ಒಳಗೆ ಅಲ್ಲ. ಹಳೆಯ ಬೋರ್ಡ್ ಕೂಡ ಮೈಕ್ರೊ-ಎಟಿಎಕ್ಸ್ ಎಂದೇ ಮಾರಾಟವಾಗಿತ್ತು, ಆದರೆ ಅಗಲ ಕಡಿಮೆ. ಬಲ ಅಂಚಿನಲ್ಲಿ ಅದಕ್ಕೆ ಆಧಾರವೇ ಇರಲಿಲ್ಲ. ಹೊಸ ಬೋರ್ಡಿಗೆ ಆ ಸಾಲಿನಲ್ಲೂ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳು ಬೇಕಾದವು, 2018ರಲ್ಲಿ ಕ್ಯಾಬಿನೆಟ್ಟಿನ ಜೊತೆ ಬಂದಿದ್ದ ಸ್ಕ್ರೂ ಪೊಟ್ಟಣ ಮನೆಯಲ್ಲಿ ಎಲ್ಲಿಯೂ ಸಿಗಲಿಲ್ಲ. ಅವಿಲ್ಲದೆ 24 ಪಿನ್ನಿನ ದಪ್ಪ ಕೇಬಲನ್ನು ಒತ್ತಿದರೆ ಬೋರ್ಡ್ ಹಪ್ಪಳದಂತೆ ಬಾಗುತ್ತದೆ. ಹಳೆಯ ಕ್ಯಾಬಿನೆಟ್ಟೊಂದರಿಂದ ಬಿಚ್ಚಿ ತಂದು ಹಾಕಿದೆವು.

ಹಳೆಯ ಪ್ರೊಸೆಸರನ್ನು ತೆಗೆಯುವುದೇ ಈ ಕೆಲಸದಲ್ಲಿ ಕೈ ನಡುಗಿಸುವ ಭಾಗ. ಎಎಂ4ರಲ್ಲಿ ಕಾಲುಗಳಿರುವುದು ಪ್ರೊಸೆಸರಿಗೆ. ಏಳೆಂಟು ವರ್ಷ ಒಣಗಿದ ಥರ್ಮಲ್ ಪೇಸ್ಟ್ ಗೋಂದಿನಂತೆ ಹಿಡಿದಿರುತ್ತದೆ. ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ ಸಾಕೆಟ್ಟಿನ ಬೀಗ ಹಾಕಿದ್ದಂತೆಯೇ ಪ್ರೊಸೆಸರ್ ಕಿತ್ತುಕೊಂಡು ಬರುತ್ತದೆ, ಬರುವಾಗ ಕಾಲು ಬಾಗಿಸಿಕೊಂಡು ಬರುತ್ತದೆ. ಸಾಮಾನ್ಯವಾಗಿ ಹೇಳುವ ಉಪಾಯವೆಂದರೆ ಹತ್ತು ಹದಿನೈದು ನಿಮಿಷ ಒಂದು ಆಟ ಓಡಿಸಿ, ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ ಕೂಲರನ್ನು ಎಡಬಲಕ್ಕೆ ಮೆಲ್ಲನೆ ತಿರುಗಿಸುವುದು. ನಮ್ಮ ಬೋರ್ಡ್ ಸತ್ತಿತ್ತು, ಆಟ ಓಡಿಸುವುದು ಎಲ್ಲಿಂದ? ಅಕ್ಕನ ಹೇರ್ ಡ್ರೈಯರ್ ತಂದು ಕೂಲರಿನ ಅಲ್ಯೂಮಿನಿಯಂ ಮೇಲೆ ಕೆಲವು ನಿಮಿಷ ಬಿಸಿ ಗಾಳಿ ಬಿಟ್ಟು, ಡಬ್ಬಿಯ ಮುಚ್ಚಳ ತಿರುಗಿಸುವ ಹಾಗೆ ಹಿಂದೆ ಮುಂದೆ ಆಡಿಸಿದಾಗ ಕೊನೆಗೆ ‘ಚಿಟ್’ ಎಂದು ಸಡಿಲವಾಯಿತು. ಕಾಲುಗಳೆಲ್ಲ ನೆಟ್ಟಗಿದ್ದವು.

ಹೊಸ ಬೋರ್ಡಿನಲ್ಲಿ ಇನ್ನೊಂದು ಸಣ್ಣ ಕಸರತ್ತು. 5600ರ ಜೊತೆಗೆ ಬರುವ ರೇತ್ ಸ್ಟೆಲ್ತ್ ಕೂಲರ್ ನಾಲ್ಕು ಸ್ಕ್ರೂಗಳಿಂದ ಕೂರುತ್ತದೆ. ಅದಕ್ಕಾಗಿ ಸಾಕೆಟ್ಟಿನ ಎರಡೂ ಬದಿಯ ಕಪ್ಪು ಪ್ಲಾಸ್ಟಿಕ್ ಹಿಡಿಕೆಗಳನ್ನು ಮೊದಲು ಬಿಚ್ಚಬೇಕು. ಬಿಚ್ಚಿದೊಡನೆ ಬೋರ್ಡಿನ ಬೆನ್ನಿಗಿದ್ದ ಲೋಹದ ತಟ್ಟೆ ಕೆಳಗೆ ಬೀಳುತ್ತದೆ, ಏಕೆಂದರೆ ಅದನ್ನು ಹಿಡಿದಿಟ್ಟಿದ್ದು ಅದೇ ಸ್ಕ್ರೂಗಳು. ಬೋರ್ಡನ್ನು ಕ್ಯಾಬಿನೆಟ್ಟಿಗೆ ಹಾಕುವ ಮೊದಲೇ, ಮೇಜಿನ ಮೇಲೆ ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಕೂಲರ್ ಕೂರಿಸಿಕೊಂಡರೆ ಒಬ್ಬರೇ ಮಾಡಬಹುದು. ಒಳಗೆ ಹಾಕಿದ ಮೇಲೆ ಮೂರನೆಯ ಕೈ ಬೇಕು.

ಫ್ಲ್ಯಾಶ್ ಗುಂಡಿಯನ್ನು ಬಳಸುವ ಅಗತ್ಯ ನಮಗೆ ಇರಲಿಲ್ಲ. ಪೆಟ್ಟಿಗೆಯ ಮೇಲೆ ರೈಜೆನ್ 5000ಕ್ಕೆ ಸಿದ್ಧ ಎಂಬ ಸ್ಟಿಕರ್ ಇತ್ತು. ಆದರೂ ಹೊಸ ಬಯೋಸ್ ಹಾಕಿಯೇ ಮುಂದುವರಿಯೋಣ ಎಂದೆ, ಸ್ವಲ್ಪ ಹಠದಿಂದಲೇ. ಎಫ್‌ಎಟಿ32 ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಫೈಲನ್ನು ಇಳಿಸಿ, ಅದರ ಹೆಸರನ್ನು ಎಂಎಸ್‌ಐ ಡಾಟ್ ರಾಮ್ (MSI.ROM) ಎಂದು ಬದಲಿಸಿ, ಗುರುತು ಮಾಡಿದ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಬೇಕು. ಪ್ರೊಸೆಸರ್ ಬೇಡ, ರ್ಯಾಮ್ ಬೇಡ. 24 ಪಿನ್ ಮತ್ತು 8 ಪಿನ್ ವಿದ್ಯುತ್ ಕೇಬಲುಗಳಿದ್ದರೆ ಸಾಕು. ಗುಂಡಿ ಒತ್ತಿದರೆ ಪಕ್ಕದ ದೀಪ ಮಿಣುಕತೊಡಗುತ್ತದೆ, ನಿಂತಾಗ ಕೆಲಸ ಮುಗಿದಿರುತ್ತದೆ. ಈ ಬಾರಿ ಇಡೀ ಸಾಮಾನನ್ನು ಭಾವನ ಅಂಗಡಿಗೆ ಹೊತ್ತು, ಅಲ್ಲಿಯ ಇನ್ವರ್ಟರ್ ಲೈನಿಗೆ ಸಿಕ್ಕಿಸಿದ್ದೆವು. ದೀಪ ಮಿಣುಕುತ್ತಿದ್ದ ಅಷ್ಟೂ ಹೊತ್ತು ಯಾರೂ ಸ್ವಿಚ್‌ಬೋರ್ಡಿನ ಹತ್ತಿರ ಸುಳಿಯದಂತೆ ಹುಡುಗ ಅಡ್ಡ ನಿಂತಿದ್ದ. ಅಪ್‌ಡೇಟ್ ನಡುವೆ ಕೆಟ್ಟರೂ ಇದೇ ಗುಂಡಿಯಿಂದ ಮತ್ತೆ ಪ್ರಯತ್ನಿಸಬಹುದು ಎಂಬುದೇ ಇದರ ಬೆಲೆ. ಗಿಗಾಬೈಟ್‌ನವರು ಇದನ್ನು ಕ್ಯೂ-ಫ್ಲ್ಯಾಶ್ ಪ್ಲಸ್ ಎನ್ನುತ್ತಾರೆ, ಏಸಸ್‌ನವರು ಬಯೋಸ್ ಫ್ಲ್ಯಾಶ್‌ಬ್ಯಾಕ್. ಹೆಸರು ಯಾವುದಾದರೂ ಇರಲಿ, ಅಗ್ಗದ ಬೋರ್ಡುಗಳಲ್ಲಿ ಇದು ಎಲ್ಲದಕ್ಕೂ ಇರುವುದಿಲ್ಲ, ಕೇಳಿಯೇ ಕೊಳ್ಳಬೇಕು.

ಮೊದಲ ಬಾರಿ ಆನ್ ಮಾಡಿದಾಗ ಚಿತ್ರ ಬರಲಿಲ್ಲ. ಹಳೆಯ ಬೋರ್ಡಿನಲ್ಲಿ ಹೀಗಾಗಿದ್ದರೆ ಒಂದೊಂದೇ ಭಾಗ ಕಳಚಿ ಊಹಿಸುತ್ತ ಕೂರಬೇಕಿತ್ತು. ಇದರಲ್ಲಿ ಪ್ರೊಸೆಸರ್, ರ್ಯಾಮ್, ಗ್ರಾಫಿಕ್ಸ್, ಬೂಟ್ ಎಂದು ನಾಲ್ಕು ಪುಟ್ಟ ದೀಪಗಳಿವೆ. ಯಾವುದು ಆರದೆ ಉಳಿಯಿತೋ ತಪ್ಪು ಅಲ್ಲಿ. ರ್ಯಾಮ್ ದೀಪ ಉರಿಯುತ್ತಿತ್ತು. ಎರಡು ಸ್ಟಿಕ್ ಇದ್ದಾಗ ಅವನ್ನು ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಹಾಕಿದ್ದೆವು, ಆದರೆ ಒಂದರ ತುದಿ ಪೂರ್ತಿ ಇಳಿದಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿದಾಗ ‘ಟಕ್’ ಎಂದಿತು, ಚಿತ್ರ ಬಂತು. ಬಯೋಸ್ ಒಳಗೆ ನೋಡಿದರೆ 3000 ವೇಗದ ರ್ಯಾಮ್ 2133ರಲ್ಲಿ ಓಡುತ್ತಿದೆ. ಎ-ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡಿದರೆ ಸಾಕು, ನಿಜವಾದ ವೇಗಕ್ಕೆ ಬರುತ್ತದೆ. ಹಳೆಯ ಬೋರ್ಡಿನಲ್ಲೂ ಆ ಆಯ್ಕೆ ಇತ್ತು. 2018ರಿಂದ ಯಾರೂ ಮುಟ್ಟಿರಲಿಲ್ಲ. ಇಷ್ಟು ವರ್ಷ ಹುಡುಗ ಕೊಟ್ಟ ಹಣದ ಒಂದು ಭಾಗ ಸುಮ್ಮನೆ ಮಲಗಿತ್ತು.

ಬೋರ್ಡ್ ಬದಲಿಸುವವರು ಮುಂಚಿತವಾಗಿ ತಿಳಿದಿರಬೇಕಾದ ಒಂದು ವಿಷಯವನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ಹೊಸ ಪ್ರೊಸೆಸರ್ ಕಂಡೊಡನೆ ಬಯೋಸ್ ಕಪ್ಪು ಪರದೆಯಲ್ಲಿ ಎಫ್‌ಟಿಪಿಎಂ (ಗುಪ್ತ ಕೀಲಿಗಳನ್ನು ಕಾಯುವ ಟಿಪಿಎಂ ಎಂಬ ಭದ್ರತಾ ಭಾಗ) ಅನ್ನು ಮರುಹೊಂದಿಸಲೇ ಎಂದು ಕೇಳಬಹುದು. ಒಪ್ಪಿದರೆ ಹಳೆಯ ಕೀಲಿಗಳು ಅಳಿಯುತ್ತವೆ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನ ಗೂಢಲಿಪಿ ರಕ್ಷಣೆ ಇದ್ದರೆ ವಿಂಡೋಸ್ 48 ಅಂಕಿಯ ಮರುಪಡೆಯುವ ಕೀಲಿಯನ್ನು ಕೇಳುತ್ತದೆ, ಅದಿಲ್ಲದೆ ಒಳಗಿನ ಒಂದು ಫೋಟೋ ಕೂಡ ಸಿಗದು. ಆದ್ದರಿಂದ ಹಳೆಯ ಬೋರ್ಡ್ ಜೀವಂತವಿರುವಾಗಲೇ ಕೀಲಿಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು, ವಿಂಡೋಸ್ ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಕೊಂಡಿರಬೇಕು. ನಮ್ಮ ಡಿಸ್ಕಿಗೆ ಬಿಟ್‌ಲಾಕರ್ ಇರಲಿಲ್ಲ, ಅದೃಷ್ಟ. ಆದರೆ ವಿಂಡೋಸನ್ನು ಎಂಬಿಆರ್ ಎಂಬ, ಡಿಸ್ಕನ್ನು ಭಾಗ ಮಾಡುವ ಹಳೆಯ ಕ್ರಮದಲ್ಲಿ ಹಾಕಲಾಗಿತ್ತು. ವಿಂಡೋಸ್ 11ರಲ್ಲಿ ವ್ಯಾಲೊರಂಟ್‌ನಂಥ ಆಟಗಳು ಟಿಪಿಎಂ ಮತ್ತು ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶವನ್ನು ಮಾತ್ರ ಬೂಟ್ ಮಾಡುವ ವ್ಯವಸ್ಥೆ) ಇಲ್ಲದೆ ತೆರೆಯುವುದೇ ಇಲ್ಲ. ಸೆಕ್ಯೂರ್ ಬೂಟ್‌ಗೆ ಬಯೋಸಿನಲ್ಲಿ ಸಿಎಸ್‌ಎಂ ಎಂಬ ಹಳೆಯ ಬೂಟ್ ಕ್ರಮದ ಆಯ್ಕೆ ಆಫ್ ಆಗಬೇಕು, ಹಾಗೆ ಆಫ್ ಮಾಡಿದರೆ ಎಂಬಿಆರ್ ಡಿಸ್ಕ್ ಬೂಟ್ ಆಗುವುದಿಲ್ಲ. ವಿಂಡೋಸ್ ಜೊತೆಗೇ ಬರುವ ಎಂಬಿಆರ್2ಜಿಪಿಟಿ ಎಂಬ ಉಪಕರಣದಿಂದ ಪರಿವರ್ತಿಸಿ ಒಂದು ಸಂಜೆಯಲ್ಲಿ ದಾರಿಗೆ ತಂದೆವು. ಬೋರ್ಡಿನ ಬಯೋಸ್ ಮೆನು ಇಲ್ಲಿ ಅಷ್ಟೇನೂ ಸ್ನೇಹಪರವಲ್ಲ. ಸೆಕ್ಯೂರ್ ಬೂಟ್ ಆಯ್ಕೆ ಎರಡು ಮೂರು ಪುಟ ಒಳಗೆ ಅಡಗಿ ಕೂತಿದೆ.

ಓಡಾಟದ ಬಗ್ಗೆ ದೂರಿಲ್ಲ. 5600 ಪ್ರೊಸೆಸರಿನದು 65 ವ್ಯಾಟ್ ಎಂದು ಬರೆದಿದ್ದರೂ ಸಾಕೆಟ್ಟಿನಿಂದ ಅದು 76 ವ್ಯಾಟ್‌ವರೆಗೆ ಎಳೆಯುತ್ತದೆ. ಈ ಬೋರ್ಡಿನ ವಿಆರ್‌ಎಂಗೆ ಅದು ದೊಡ್ಡ ಹೊರೆಯಲ್ಲ. ಎರಡು ಗಂಟೆ ಆಡಿದ ಮೇಲೆ ಆಫ್ ಮಾಡಿ ಅದರ ಹೀಟ್‌ಸಿಂಕಿಗೆ ಬೆರಳಿಟ್ಟು ನೋಡಿದೆ, ಬೆಚ್ಚಗಿತ್ತು, ಕೈ ಹಿಂತೆಗೆಯುವಷ್ಟಲ್ಲ. ಎಂಟು ಕೋರಿನ 5800ಎಕ್ಸ್‌3ಡಿಯಂಥದ್ದು 142 ವ್ಯಾಟ್‌ವರೆಗೆ ಕೇಳಬಲ್ಲದು. ಅದೂ ಇದರಲ್ಲಿ ಓಡುತ್ತದೆ, ಆದರೆ ಗಾಳಿಯಾಡದ ಕ್ಯಾಬಿನೆಟ್ಟಿನಲ್ಲಿ ದಾವಣಗೆರೆಯ ಏಪ್ರಿಲ್ ತಿಂಗಳಲ್ಲಿ ಅಂಥ ಪ್ರಯೋಗಕ್ಕೆ ನಾನು ಹೋಗಲಾರೆ. ಹಾಗೆ ಹೋಗುವವರಿಗೆ ವಿದ್ಯುತ್ ಭಾಗ ಇನ್ನೂ ಗಟ್ಟಿಯಾಗಿರುವ ಏಸಸ್ ಟಫ್ ಗೇಮಿಂಗ್ ಬಿ550ಎಂ-ಪ್ಲಸ್ ಇದೆ, 2.5 ಗಿಗಾಬಿಟ್ ನೆಟ್‌ವರ್ಕ್ ಕೂಡ ಸಿಗುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ ಮೇಲಿದೆ.

ಕೊರತೆಗಳು ಇವೆ. ಹೆಸರಿನಲ್ಲಿರುವ ವೈಫೈ ಹಳೆಯ ಎಸಿ ವರ್ಗದ್ದು, ಅಂದರೆ ವೈಫೈ 5. ಮನೆಯ ಸಾಮಾನ್ಯ ಬ್ರಾಡ್‌ಬ್ಯಾಂಡಿಗೆ ಸಾಕು, ಅದಕ್ಕಿಂತ ಹೆಚ್ಚಿನ ಆಸೆ ಇಟ್ಟುಕೊಳ್ಳಬಾರದು. ಕಂಪ್ಯೂಟರಿನ ತನಕ ಕೇಬಲ್ ಎಳೆದಿರುವವರು ವೈಫೈ ಇಲ್ಲದ ಇದೇ ಹೆಸರಿನ ಬೋರ್ಡ್ ಕೊಂಡು ಹಣ ಉಳಿಸಬಹುದು. ಹಿಂಬದಿಯ ಯುಎಸ್‌ಬಿ ಕಿಂಡಿಗಳಲ್ಲಿ ಟೈಪ್-ಸಿ ಇಲ್ಲ, ಆದರೆ ಈ ಕಾಲದಲ್ಲೂ ವಿಜಿಎ ಇದೆ. ಇದ್ದರೂ 5600ರ ಒಳಗೆ ಗ್ರಾಫಿಕ್ಸ್ ಭಾಗವೇ ಇಲ್ಲದ ಕಾರಣ ವಿಜಿಎ, ಎಚ್‌ಡಿಎಂಐ, ಡಿಸ್‌ಪ್ಲೇ ಪೋರ್ಟ್ ಮೂರೂ ನಮ್ಮ ಪಾಲಿಗೆ ಅಲಂಕಾರ. ಮಾನಿಟರನ್ನು ಅಭ್ಯಾಸಬಲದಿಂದ ಅಲ್ಲಿಗೆ ಸಿಕ್ಕಿಸಿ ಚಿತ್ರ ಬರುತ್ತಿಲ್ಲ ಎಂದು ಗಾಬರಿಯಾಗುವವರು ಬಹಳ. ಉದ್ದನೆಯ ಸ್ಲಾಟ್ ಒಂದೇ, ಉಳಿದೆರಡು ಚಿಕ್ಕವು. ಹಿಂಬದಿಯ ಕಿಂಡಿಗಳ ಸುತ್ತ ಕೂರುವ ತಗಡಿನ ಐಒ ಶೀಲ್ಡ್ ಬೋರ್ಡಿಗೆ ಅಂಟಿ ಬರುವುದಿಲ್ಲ, ಬಿಡಿಯಾಗಿ ಬರುತ್ತದೆ; ಅದರ ಅಂಚು ಬ್ಲೇಡಿನಂತಿದೆ, ನನ್ನ ತೋರುಬೆರಳಿಗೆ ಒಂದು ಗೀರು ಬಿದ್ದು ರಕ್ತ ಬಂತು. ಶೀಲ್ಡಿನ ಒಳಗಿನ ಚಿಕ್ಕ ನಾಲಿಗೆಗಳು ನೆಟ್‌ವರ್ಕ್ ಕಿಂಡಿಯೊಳಕ್ಕೆ ಮಡಚಿಕೊಳ್ಳದಂತೆ ಬಗ್ಗಿ ನೋಡಿಕೊಂಡು ಬೋರ್ಡ್ ಇಳಿಸಬೇಕು.

ವಾರಂಟಿ ಬಿಲ್ಲಿನ ದಿನಾಂಕದಿಂದ ಮೂರು ವರ್ಷ. “ಬಿಲ್ ಬೇಡ ಅಂದ್ರೆ ಸ್ವಲ್ಪ ಕಡಿಮೆ ಮಾಡ್ತೀನಿ” ಎಂಬ ಮಾತು ಎಸ್.ಪಿ. ರಸ್ತೆಯಲ್ಲಿ ಈಗಲೂ ಕಿವಿಗೆ ಬೀಳುತ್ತದೆ. ಆ ಕಡಿಮೆಯಾಗುವ ಹಣಕ್ಕೆ ಮೂರು ವರ್ಷದ ವಾರಂಟಿಯನ್ನು ಮಾರಿಕೊಂಡಂತಾಗುತ್ತದೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡು, ಒಂದು ಫೋಟೋ ತೆಗೆದಿಟ್ಟಿದ್ದೇನೆ.

ಸತ್ತ ಎ320 ಬೋರ್ಡನ್ನು ಎಸೆಯಲಿಲ್ಲ. ರಿಪೇರಿ ಮಾಡುವವರೊಬ್ಬರು ಅದರ ಬಯೋಸ್ ಚಿಪ್ಪಿಗೆ ಕ್ಲಿಪ್ ಹಾಕಿ, ಪ್ರೋಗ್ರಾಮರ್ ಎಂಬ ಬೆರಳುದ್ದದ ಸಾಧನದಿಂದ ಬಯೋಸನ್ನು ನೇರವಾಗಿ ಬರೆದು ಕೊಟ್ಟರು. ಬರೆಯಲು ಕೆಲವು ನಿಮಿಷ, ಅವರ ಸರದಿಗೆ ಕಾದದ್ದು ಮೂರು ವಾರ. ಬಿ550ರಲ್ಲಿ ಓಡದ 2600 ಪ್ರೊಸೆಸರಿಗೆ ಹೀಗೆ ಅದರ ಹಳೆಯ ಮನೆಯೇ ಮರಳಿ ಸಿಕ್ಕಿತು, 1050 ಟಿಐ ಕಾರ್ಡನ್ನೂ ಅದಕ್ಕೇ ಹಾಕಿದೆವು. ರ್ಯಾಮ್ ಮಾತ್ರ ಹೊಸ ಬೋರ್ಡಿಗೆ ಹೋಗಿಬಿಟ್ಟಿತ್ತು, ಅಂಗಡಿಯಲ್ಲಿ ಕೇಳಿದ ಬೆಲೆಗೆ ಕೊಳ್ಳಲು ಮನಸ್ಸಾಗಲಿಲ್ಲ. ಯಾರೋ ಕೊಟ್ಟ 4 ಜಿಬಿಯ ಒಂಟಿ ಸ್ಟಿಕ್ ಹಾಕಿಕೊಂಡು ಅದೀಗ ಭಾವನ ಅಂಗಡಿಯಲ್ಲಿ, ಇನ್ವರ್ಟರ್ ಲೈನಿನ ಮೇಲೆ, ಜಿಎಸ್‌ಟಿ ಬಿಲ್ ಹೊಡೆಯುತ್ತಿದೆ.